ತಂಡದ ಯೋಚನೆಗೆ ಹೊಸ ರೂಪಕ: ಪುಣೆಯ ಕಚೇರಿಗಳಿಗೆ ಆರು ಹಂತಗಳು

ತಂಡವೊಂದು ತನ್ನ ಕೆಲಸವನ್ನು ಯಾವ ರೂಪಕದಲ್ಲಿ ಹೇಳಿಕೊಳ್ಳುತ್ತದೆಯೋ ಅದೇ ಅದರ ಯೋಚನೆಗೂ ಎಲ್ಲೆ ಹಾಕುತ್ತದೆ. ಕಚೇರಿಯನ್ನು ಯಂತ್ರ ಎಂದುಕೊಂಡವರು ಕೆಟ್ಟ ಬಿಡಿಭಾಗ ಹುಡುಕುತ್ತಾರೆ. ರಣರಂಗ ಎಂದುಕೊಂಡವರು ಶತ್ರುವನ್ನು ಹುಡುಕುತ್ತಾರೆ. ಗ್ಯಾರೆತ್ ಮಾರ್ಗನ್ 1986ರ ‘ಇಮೇಜಸ್ ಆಫ್ ಆರ್ಗನೈಸೇಶನ್’ ಕೃತಿಯಲ್ಲಿ ಸಂಸ್ಥೆಗಳನ್ನು ಯಂತ್ರ, ಜೀವಿ, ಮಿದುಳು ಮೊದಲಾದ ಎಂಟು ರೂಪಕಗಳ ಮೂಲಕ ನೋಡಿ, ಪ್ರತಿ ರೂಪಕವೂ ಕೆಲವನ್ನು ತೋರಿಸಿ ಕೆಲವನ್ನು ಮರೆಮಾಡುತ್ತದೆ ಎಂದು ವಿವರಿಸಿದ್ದಾರೆ.

ರೂಪಕ ಬದಲಾದಾಗ ಏನಾಗುತ್ತದೆ ಎಂಬುದಕ್ಕೆ ಚಿಂತಕ ಡೊನಾಲ್ಡ್ ಶೋನ್ 1979ರಲ್ಲಿ ಬರೆದ ಪ್ರಸಂಗ ಪ್ರಸಿದ್ಧ. ಕೃತಕ ಕೂದಲಿನ ಬಣ್ಣದ ಬ್ರಷ್ ಒಂದೇ ಸಮನೆ ಬಣ್ಣ ಬಳಿಯುತ್ತಿರಲಿಲ್ಲ. ಸಂಶೋಧಕರು ಕೂದಲಿನ ತುದಿ ಸೀಳಿದರು, ದಪ್ಪ ಬದಲಿಸಿದರು, ಫಲ ಸಿಗಲಿಲ್ಲ. ಬ್ರಷ್ ಎಂದರೆ ಒಂದು ಬಗೆಯ ಪಂಪು ಎಂದು ಅವರಲ್ಲೊಬ್ಬರು ಹೇಳಿದ ಮೇಲೆ ಎಲ್ಲರ ಗಮನ ಕೂದಲುಗಳ ನಡುವಿನ ಸಂದಿಗೆ ಹೋಯಿತು. ಬಣ್ಣ ಹರಿಯುವುದು ಆ ಸಂದಿಯಲ್ಲೇ. ನೈಸರ್ಗಿಕ ಕೂದಲು ಮೆಲ್ಲಗೆ ಬಾಗುತ್ತದೆ, ಕೃತಕ ಕೂದಲು ಥಟ್ಟನೆ ಮಡಿಚಿಕೊಳ್ಳುತ್ತದೆ ಎಂಬ ವ್ಯತ್ಯಾಸ ಆಗ ಕಣ್ಣಿಗೆ ಬಿತ್ತು.

ಹಿಂಜವಡಿಯ ಐಟಿ ಕಚೇರಿಯಾಗಲಿ, ಚಾಕಣದ ಕಾರ್ಖಾನೆಯಾಗಲಿ, ಆರೆಂಟು ಜನ, ಒಂದು ಬೋರ್ಡ್ ಮತ್ತು ಒಂದೂವರೆ ಗಂಟೆಯ ಸಭೆಗೆ ಸಮಯ ಸಿಕ್ಕರೆ, ಹೀಗೆ ರೂಪಕ ಬದಲಿಸಿ ನೋಡುವ ವಿಧಾನ ಪ್ರಯೋಗಿಸಬಹುದು.

1. ಈಗಿನ ರೂಪಕ ಗುರುತಿಸಿ

ಸಭೆಗೆ ಮೊದಲು ಒಂದು ವಾರ ತಂಡದ ಮಾತುಗಳನ್ನು ಗಮನಿಸಬೇಕು. ‘ವಾರ್ ರೂಮ್’, ‘ಬೆಂಕಿ ಆರಿಸುವುದು’, ‘ಗಾಡಿ ಹಳಿ ತಪ್ಪಿದೆ’ ಎಂಬಂಥ ಮಾತುಗಳನ್ನು, ಯಾರು ಹೇಳಿದರು ಎಂಬುದನ್ನು ಬಿಟ್ಟು, ಹಾಗೇ ಬರೆದಿಟ್ಟುಕೊಳ್ಳಬೇಕು. ಸಭೆಯ ದಿನ ಅವನ್ನೆಲ್ಲ ಬೋರ್ಡಿನ ಮೇಲೆ ಬರೆದರೆ ತಂಡ ಯಾವ ಚಿತ್ರದೊಳಗೆ ಸಿಕ್ಕಿಕೊಂಡಿದೆ ಎಂಬುದು ಎಲ್ಲರಿಗೂ ಕಾಣುತ್ತದೆ.

2. ಸಮಸ್ಯೆಯನ್ನು ಸರಳವಾಗಿ ಹೇಳಿ

ರೂಪಕವಿಲ್ಲದ ಒಂದೇ ವಾಕ್ಯದಲ್ಲಿ ಸಮಸ್ಯೆ ಬರೆಯಬೇಕು. ಒಂದು ಸಪೋರ್ಟ್ ತಂಡದ ವಾಕ್ಯ ಹೀಗಿರಬಹುದು: ‘ತಪ್ಪು ಕಂಡವರು ಸಮಯಕ್ಕೆ ಸರಿಯಾಗಿ ಹೇಳುವುದಿಲ್ಲ, ರಿಲೀಸ್ ಹಿಂದಿನ ರಾತ್ರಿ ಎಲ್ಲವೂ ಹೊರಬರುತ್ತದೆ.’

3. ಹೊಸ ರೂಪಕ ಆರಿಸಿ

ಹೊಸ ರೂಪಕಕ್ಕೆ ಮೂರು ಲಕ್ಷಣ ಬೇಕು: ತಂಡದ ಎಲ್ಲರಿಗೂ ಪರಿಚಿತವಾಗಿರಬೇಕು, ಕಚೇರಿ ಕೆಲಸದಿಂದ ದೂರದ್ದಾಗಿರಬೇಕು, ಅದಕ್ಕೆ ತನ್ನದೇ ಪಾತ್ರಗಳೂ ನಿಯಮಗಳೂ ಇರಬೇಕು. ಪುಣೆಯಲ್ಲಿ ಇವೆಲ್ಲ ವಾರಿಗೆ, ಅಂದರೆ ಪಂಢರಪುರಕ್ಕೆ ಹೋಗುವ ಕಾಲ್ನಡಿಗೆಯ ಯಾತ್ರೆಗೆ, ಒಪ್ಪುತ್ತವೆ. ಆಳಂದಿಯಿಂದ ಜ್ಞಾನೇಶ್ವರರ, ದೇಹೂವಿನಿಂದ ತುಕಾರಾಮರ ಪಾಲಖಿಗಳು (ಪಲ್ಲಕ್ಕಿಗಳು) ಪ್ರತಿವರ್ಷ ಪುಣೆಯಲ್ಲಿ ತಂಗಿ ಮುಂದೆ ಸಾಗುತ್ತವೆ. ಆಗ ರಸ್ತೆ ಬಂದ್ ಆಗುವುದು ಕಚೇರಿಗೆ ಹೋಗುವ ಪ್ರತಿಯೊಬ್ಬರಿಗೂ ಗೊತ್ತು. ಗಣೇಶೋತ್ಸವದ ಢೋಲ್-ತಾಶಾ ವಾದ್ಯಗಳ ಪಥಕವೂ (ತಂಡವೂ) ಆಗಬಹುದು. ಅಲ್ಲಿ ತಾಶಾ ಲಯ ಹಿಡಿಯುತ್ತದೆ, ಢೋಲುಗಳು ಅದನ್ನು ಅನುಸರಿಸುತ್ತವೆ.

4. ಭಾಗಕ್ಕೆ ಭಾಗ ಹೊಂದಿಸಿ

ಬೋರ್ಡಿನ ಎಡಕ್ಕೆ ರೂಪಕದ ಸಂಗತಿಗಳನ್ನು, ಬಲಕ್ಕೆ ಕೆಲಸದ ಸಂಗತಿಗಳನ್ನು ಬರೆಯಬೇಕು. ವಾರಿಯಲ್ಲಿ ವಾರಕರಿಗಳು, ಅಂದರೆ ಯಾತ್ರಿಕರು, ದಿಂಡಿ ಎಂಬ ಗುಂಪುಗಳಾಗಿ ನಡೆಯುತ್ತಾರೆ. ಪ್ರತಿ ದಿಂಡಿಗೂ ಪಾಲಖಿಯ ರಥದ ಮುಂದೆ ಅಥವಾ ಹಿಂದೆ ನಿಗದಿಯಾದ ಸ್ಥಾನ ಮತ್ತು ಸಂಖ್ಯೆ ಉಂಟು. ಎಲ್ಲಿ ತಂಗುವುದು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಜ್ಞಾನೇಶ್ವರ ಪಾಲಖಿಯ ಸಂಜೆಯ ಸಮಾಜ ಆರತಿಯಲ್ಲಿ ಮೇಲಿನ ಸಪೋರ್ಟ್ ತಂಡಕ್ಕೆ ನೇರವಾಗಿ ಒದಗುವ ಒಂದು ಪದ್ಧತಿ ಇದೆ. ದಿಂಡಿಗಳು ಪಾಲಖಿಯ ಸುತ್ತ ಸೇರಿ ತಾಳ ಬಾರಿಸುತ್ತಿರುವಾಗ ಚೋಪದಾರರು (ಬೆತ್ತ ಹಿಡಿದು ಶಿಸ್ತು ನೋಡಿಕೊಳ್ಳುವವರು) ಬೆತ್ತ ಎತ್ತುತ್ತಾರೆ. ತಾಳಗಳು ಒಮ್ಮೆಗೇ ನಿಲ್ಲುತ್ತವೆ. ದೂರು ಇರುವ ದಿಂಡಿ ಮಾತ್ರ ತಾಳ ನಿಲ್ಲಿಸುವುದಿಲ್ಲ. ಚೋಪದಾರರು ಅಲ್ಲಿಗೇ ಹೋಗಿ ದೂರು ಕೇಳುತ್ತಾರೆ. ಆಮೇಲೆಯೇ ಆರತಿ.

ಬಲಬದಿಯಲ್ಲಿ ಇದಕ್ಕೆ ಹೊಂದುವ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ. ಬೆತ್ತ ಎತ್ತುವವರು ಯಾರು? ದೂರು ಹೇಳಲು ನಿತ್ಯದ ಹೊತ್ತು ಯಾವುದು? ದೂರು ಇದ್ದವರೇ ಮ್ಯಾನೇಜರ್ ಬಳಿ ಹೋಗಬೇಕೇ, ಮ್ಯಾನೇಜರೇ ಅವರ ಬಳಿ ಹೋಗಬೇಕೇ? ರಣರಂಗದ ರೂಪಕದಲ್ಲಿ ಇಂಥ ಪ್ರಶ್ನೆಗಳು ಏಳುವುದೇ ಇಲ್ಲ, ಏಕೆಂದರೆ ಅಲ್ಲಿ ದೂರು ಹೇಳುವವನು ಅಳುಕಿದವನೆನಿಸಿಕೊಳ್ಳುತ್ತಾನೆ.

5. ಎಲ್ಲಿ ಹೊಂದುವುದಿಲ್ಲ ಎಂಬುದನ್ನೂ ಬರೆಯಿರಿ

ವಾರಕರಿ ನಡೆಯುವುದು ಭಕ್ತಿಯಿಂದ. ಉದ್ಯೋಗಿ ದುಡಿಯುವುದು ಸಂಬಳಕ್ಕೆ. ಹಾಗಾಗಿ ವಾರಿಯ ಹೆಸರು ಹೇಳಿ ಪುಕ್ಕಟೆ ಓವರ್‌ಟೈಮ್ ಕೇಳುವುದು ರೂಪಕದ ದುರುಪಯೋಗ. ವಾರಿಯ ದಾರಿ ಪರಂಪರೆಯಿಂದ ಬಂದದ್ದು; ಗ್ರಾಹಕರ ಬೇಡಿಕೆ ನಡುವೆಯೇ ಬದಲಾಗುತ್ತದೆ. ಬೇರೆ ಬೇರೆ ಧರ್ಮದವರಿರುವ ತಂಡದಲ್ಲಿ ಪದ್ಧತಿಯನ್ನಷ್ಟೇ ತೆಗೆದುಕೊಳ್ಳಬೇಕು. ಯಾರಿಗಾದರೂ ಮುಜುಗರವಾದರೆ ರೂಪಕವನ್ನೇ ಬದಲಿಸಬೇಕು. ಈ ಹಂತ ಬಿಟ್ಟರೆ ಹೊಸ ರೂಪಕವೂ ಹಳೆಯದರಷ್ಟೇ ಕಣ್ಣು ಕಟ್ಟುತ್ತದೆ.

6. ಒಂದೇ ಒಂದು ಪದ್ಧತಿ ಜಾರಿಗೆ ತನ್ನಿ

ನಾಲ್ಕನೆಯ ಹಂತದ ಪಟ್ಟಿಯಿಂದ ಒಂದನ್ನು ಮಾತ್ರ ಆರಿಸಿ, ಹೊಣೆ ಹೊರುವವರನ್ನೂ ಅವಧಿಯನ್ನೂ ಗೊತ್ತುಮಾಡಬೇಕು. ಉದಾಹರಣೆಗೆ, ಒಂದು ತಿಂಗಳು ಪ್ರತಿದಿನದ ಮೀಟಿಂಗಿನ ಕೊನೆಗೆ ಎಲ್ಲರೂ ಸುಮ್ಮನಾಗುವುದು. ಅಡಚಣೆ ಇದ್ದವರು ಕೈ ಎತ್ತುವುದು. ಕೈ ಎತ್ತಿದವರ ಮೇಜಿಗೇ ಮ್ಯಾನೇಜರ್ ಹೋಗಿ ಕೇಳುವುದು. ಕೇಳಿದ್ದಕ್ಕೆ ಮರುದಿನದೊಳಗೆ ಉತ್ತರ ಕೊಡುವುದು. ತಿಂಗಳ ಕೊನೆಗೆ, ರಿಲೀಸ್ ಹಿಂದಿನ ರಾತ್ರಿ ಬಯಲಾಗುವ ತಪ್ಪುಗಳು ಕಡಿಮೆಯಾದವೇ ಎಂದು ಎರಡನೆಯ ಹಂತದಲ್ಲಿ ಬರೆದ ವಾಕ್ಯದೊಂದಿಗೆ ತಾಳೆ ನೋಡಬೇಕು. ಕಡಿಮೆಯಾಗಿದ್ದರೆ ಪದ್ಧತಿಯನ್ನು ಉಳಿಸಿಕೊಳ್ಳಬೇಕು. ಇಲ್ಲವಾದರೆ ಮೂರನೆಯ ಹಂತಕ್ಕೆ ಮರಳಿ ಬೇರೊಂದು ರೂಪಕ ಆರಿಸಬೇಕು.