ಪ್ರಿಯಸ್ ಚಕ್ರದ ಪ್ಲಾಸ್ಟಿಕ್ ತಟ್ಟೆ ಕಳಚುವುದು ಹೇಗೆ

ಹಾಸನದಿಂದ ಬಂದಿದ್ದ ನಮ್ಮ ಮಾವ ಅಮೆರಿಕದ ಸನಿವೇಲ್‌ನ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಕುಕ್ಕರಗಾಲಲ್ಲಿ ಕೂತು, ನನ್ನ 2012ರ ಪ್ರಿಯಸ್‌ನ ಚಕ್ರದ ಸಂದಿಯಲ್ಲಿ ಇಣುಕುತ್ತಿದ್ದರು. "ಅಳಿಯಂದ್ರೇ, ಒಳಗೆ ಅಲಾಯ್ ಇದೆಯಲ್ರೀ! ಅದರ ಮೇಲೆ ಯಾಕೆ ಈ ಪ್ಲಾಸ್ಟಿಕ್ ತಟ್ಟೆ ಮುಚ್ಚಿದ್ದೀರಿ?" ಮುಚ್ಚಿದ್ದು ನಾನಲ್ಲ, ಟೊಯೋಟಾ. ಆದರೆ ಆರು ವರ್ಷ ಓಡಿಸಿದ ಕಾರಿನ ಚಕ್ರವನ್ನು ನಾನು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ ಎಂಬುದು ಆಗ ಗೊತ್ತಾಯಿತು.

2010ರಿಂದ 2015ರವರೆಗಿನ ಮೂರನೇ ಪೀಳಿಗೆಯ ಪ್ರಿಯಸ್‌ಗೆ 15 ಇಂಚಿನ ಚಕ್ರ ಬಂದಿದ್ದರೆ, ಕಾಣುವ ಬೂದು ತಟ್ಟೆಯ ಹಿಂದೆ ಅಪ್ಪಟ ಅಲ್ಯೂಮಿನಿಯಂ ಚಕ್ರ ಇರುತ್ತದೆ. ಸ್ಟೀಲಿಗಿಂತ ಹಗುರ ಅಂತ ಅಲಾಯ್. ಗಾಳಿ ಕಡ್ಡಿಗಳ ನಡುವೆ ನುಗ್ಗಿ ಸುಳಿಯದಿರಲಿ ಅಂತ ಮೇಲೊಂದು ನುಣುಪು ಮುಚ್ಚಳ. ಗಾಳಿಯ ಎಳೆತದ ಗುಣಾಂಕವನ್ನು 0.25ಕ್ಕೆ ಇಳಿಸಲು ಹೆಣಗಿದ ಎಂಜಿನಿಯರುಗಳಿಗೆ ಚಕ್ರವೂ ಲೆಕ್ಕಕ್ಕೆ ಬಂತು. ಪಕ್ಕದ ಫ್ರೀಮಾಂಟ್‌ನಲ್ಲಿ ತಯಾರಾಗುವ ಟೆಸ್ಲಾ ಮಾಡೆಲ್ 3ರ 18 ಇಂಚಿನ ಏರೋ ಚಕ್ರದ್ದೂ ಇದೇ ಕಥೆ. ಅದರ ತಟ್ಟೆ ಹಾಕಿ, ತೆಗೆದು ಕಾರ್ ಅಂಡ್ ಡ್ರೈವರ್ ಪತ್ರಿಕೆ ಪರೀಕ್ಷಿಸಿದಾಗ, ತಟ್ಟೆಯಿಂದ ಸರಾಸರಿ ಶೇಕಡಾ 3ಕ್ಕೆ ತುಸು ಮೇಲೆ ವಿದ್ಯುತ್ ಉಳಿತಾಯ ಕಂಡಿತ್ತು. ದಿನಾ ಫ್ರೀವೇ ಮೇಲೆ ನೂರು ಕಿಲೋಮೀಟರ್ ಹೋಗುವವರು ಇದನ್ನು ಒಮ್ಮೆ ಯೋಚಿಸಿ. ನನ್ನಂತೆ ಊರೊಳಗೇ ಸುತ್ತುವವರು ಕೈಗವಸು ಹಾಕಿಕೊಳ್ಳಬಹುದು.

ಹಂತ 1: ಒಳಗೆ ನಿಜಕ್ಕೂ ಅಲಾಯ್ ಇದೆಯೇ?

ಇದನ್ನು ನೋಡದೆ ಕೈ ಹಾಕಬೇಡಿ. ಭಾರತದ ಬಹುಪಾಲು ಸಣ್ಣ ಕಾರುಗಳಲ್ಲಿ ವೀಲ್ ಕ್ಯಾಪ್ ತೆಗೆದರೆ ಸಿಗುವುದು ಕರಿ ಬಣ್ಣ ಬಳಿದ ಸ್ಟೀಲ್ ರಿಮ್. ಬೆಂಗಳೂರಿನಲ್ಲಿರುವ ತಮ್ಮ ನನ್ನ ಫೋಟೋ ನೋಡಿ ತನ್ನ ಹ್ಯಾಚ್‌ಬ್ಯಾಕಿನದೂ ಕಿತ್ತ. ಸಂಜೆಗೇ ವಾಪಸ್ ಹಾಕಿದ.

ಫ್ರಿಜ್ಜಿನ ಮೇಲೆ ಅಂಟಿಸುವ ಒಂದು ಆಯಸ್ಕಾಂತ ಸಾಕು. ಅದಕ್ಕೆ ದಾರ ಕಟ್ಟಿ, ತಟ್ಟೆಯ ಕಿಂಡಿಯಿಂದ ಒಳಗಿನ ಕಡ್ಡಿಗೆ ತಾಗಿಸಿ. ಟಕ್ ಎಂದು ಹಿಡಿದರೆ ಸ್ಟೀಲ್. ಜಾರಿ ಬಿದ್ದರೆ ಅಲ್ಯೂಮಿನಿಯಂ. ನಟ್ಟಿಗೋ ಬ್ರೇಕ್ ಡಿಸ್ಕಿಗೋ ತಾಗಿಸಿ ಮೋಸ ಹೋಗಬೇಡಿ, ಅವು ಹೇಗೂ ಹಿಡಿಯುತ್ತವೆ. ದಾರ ಯಾಕೆಂದರೆ, ಒಳಗೆ ಬಿದ್ದ ಆಯಸ್ಕಾಂತ ಡಿಸ್ಕಿಗೆ ಅಂಟಿ ಕೂತರೆ ಅದನ್ನು ಹೊರತೆಗೆಯುವುದೇ ಇನ್ನೊಂದು ಲೇಖನವಾದೀತು.

ಹಾಗೆಯೇ, ತಟ್ಟೆ ಯಾವುದರಿಂದ ನಿಂತಿದೆ ಎಂದೂ ನೋಡಿ. ಕೆಲವು ಕಾರುಗಳಲ್ಲಿ ಅದನ್ನು ಚಕ್ರದ ನಟ್ಟುಗಳೇ ಒತ್ತಿ ಹಿಡಿದಿರುತ್ತವೆ. ಅಂಥದ್ದನ್ನು ಎಳೆದರೆ ಬರುವುದು ಚೂರುಗಳು. ಪ್ರಿಯಸ್‌ನದು ಕ್ಲಿಪ್ಪಿನದು, ಎಳೆದರೆ ಬರುತ್ತದೆ.

ಹಂತ 2: ಕಾರು ನಿಲ್ಲಿಸುವುದು

ಸಮತಟ್ಟಾದ ಜಾಗ. ಪಿ ಬಟನ್ ಒತ್ತಿ, ಎಡಗಾಲಿನ ಪಾರ್ಕಿಂಗ್ ಬ್ರೇಕ್ ತುಳಿದು, ಪವರ್ ಆಫ್ ಮಾಡಿ. ಹೈಬ್ರಿಡ್ ಕಾರು ಸದ್ದಿಲ್ಲದೆಯೂ ಚಾಲೂ ಇರಬಹುದು, ಆದ್ದರಿಂದ ಡ್ಯಾಶ್‌ಬೋರ್ಡಿನ 'ರೆಡಿ' ದೀಪ ಆರಿದೆಯೇ ನೋಡಿಕೊಳ್ಳಿ. ಜಾಕ್ ಬೇಡ. ಈಗಷ್ಟೇ ಓಡಿಸಿ ಬಂದಿದ್ದರೆ ಕಾಫಿ ಕುಡಿದು ಬನ್ನಿ, ಬ್ರೇಕ್ ತಣಿಯಲಿ.

ಹಂತ 3: ಪ್ಲಾಸ್ಟಿಕ್ಕನ್ನು ಬೆಚ್ಚಗೆ ಮಾಡಿಕೊಳ್ಳುವುದು

ಇದನ್ನು ನಾನು ಬಿಟ್ಟೆ, ದಂಡ ತೆತ್ತೆ. ಮಾವ ಊರಿಗೆ ಹೋದ ಮೇಲೆ, ಡಿಸೆಂಬರಿನ ಒಂದು ಬೆಳಗ್ಗೆ, ಗಾಜಿನ ಮೇಲೆ ಇಬ್ಬನಿ ಗಟ್ಟಿಯಾಗಿದ್ದ ಹೊತ್ತಿನಲ್ಲಿ ಶುರು ಹಚ್ಚಿಕೊಂಡೆ. ಮೊದಲ ತಟ್ಟೆ ಎಳೆದಾಗ ಚಕ್ಕುಲಿ ಮುರಿದಂಥ ಸದ್ದು. ಒಂದು ಕ್ಲಿಪ್ಪಿನ ಹಲ್ಲು ನೆಲದ ಮೇಲೆ. ವರ್ಷಗಟ್ಟಲೆ ಬಿಸಿಲು ತಿಂದ ಪ್ಲಾಸ್ಟಿಕ್ ಚಳಿಯಲ್ಲಿ ಹಪ್ಪಳವಾಗಿರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಅರ್ಧ ಗಂಟೆ ಕಾರು ನಿಲ್ಲಿಸಿ, ಇಲ್ಲವೇ ಬಕೆಟ್ಟಿನಿಂದ ಉಗುರುಬೆಚ್ಚಗಿನ ನೀರು ಹೊಯ್ಯಿರಿ. ಕುದಿವ ನೀರು ಬೇಡ.

ಹಂತ 4: ಎಳೆಯುವುದು

ಕೈಗವಸು ಹಾಕಿಕೊಂಡು ಚಕ್ರದ ಎದುರು ಮಂಡಿಯೂರಿ. ಗಡಿಯಾರದ ಹತ್ತು ಗಂಟೆ ಮತ್ತು ಎರಡು ಗಂಟೆಯ ಜಾಗದಲ್ಲಿ ತಟ್ಟೆಯ ಕಿಂಡಿಗಳೊಳಗೆ ಬೆರಳು ತೂರಿಸಿ, ಅಂಚಿಗೆ ಆದಷ್ಟು ಹತ್ತಿರ ಹಿಡಿಯಿರಿ. ನಡುವಿನ ಲಾಂಛನ ಹಿಡಿದು ಎಳೆದರೆ ತಟ್ಟೆ ಬಾಗುತ್ತದೆ, ಕ್ಲಿಪ್ ಬಿಡುವುದಿಲ್ಲ. ನೇರವಾಗಿ ನಿಮ್ಮ ಕಡೆಗೆ ಎಳೆಯಿರಿ, ತಿರುಚಬೇಡಿ.

ಒಂದು 'ಟಪ್' ಕೇಳಿಸುತ್ತದೆ. ಅಲ್ಲಿಗೇ ಉತ್ಸಾಹದಿಂದ ಪೂರ್ತಿ ಕಿತ್ತು ಬಿಡಬೇಕು ಅನಿಸುತ್ತದೆ, ತಡೆದುಕೊಳ್ಳಿ. ಕೈಯನ್ನು ಪಕ್ಕದ ಕಿಂಡಿಗೆ ಸರಿಸಿ ಮತ್ತೊಂದು ಟಪ್, ಆಮೇಲೆ ಅದರ ಎದುರು ಬದಿ. ಹೋಳಿಗೆಯನ್ನು ಕಾವಲಿಯಿಂದ ಎಬ್ಬಿಸುವಾಗ ಸುತ್ತಲೂ ಬಿಡಿಸಿಕೊಂಡು ಬರುತ್ತೇವಲ್ಲ, ಹಾಗೆ. ಒಂದೇ ಬದಿಯಿಂದ ಮಗುಚಿದರೆ ಕೊನೆಯ ಕ್ಲಿಪ್ಪಿನ ಮೇಲೆ ಪೂರ್ತಿ ಭಾರ ಬಿದ್ದು ಮುರಿಯುತ್ತದೆ. ನನ್ನ ಎರಡನೇ ತಟ್ಟೆ ಹೀಗೆ ಬಿಡಿಸಿದಾಗ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಕೈಗೆ ಬಗ್ಗದಿದ್ದರೆ ಮಾತ್ರ ಉಪಕರಣ. ಕಾರಿನ ಜತೆ ಬಂದ ವೀಲ್ ಸ್ಪ್ಯಾನರಿನ ಚಪ್ಪಟೆ ತುದಿಗೆ ಹಳೆ ಬನಿಯನ್ ಬಟ್ಟೆ ಸುತ್ತಿ, ತಟ್ಟೆಯ ಅಂಚಿನ ಕೆಳಗೆ ಇಟ್ಟು ಮೆಲ್ಲಗೆ ಮೀಟಿ. ಬರೀ ಸ್ಕ್ರೂಡ್ರೈವರ್ ಹಾಕಿದರೆ ಯಾವ ಅಲಾಯ್ ತೋರಿಸಬೇಕೆಂದು ಹೊರಟಿರೋ ಅದರ ಮೇಲೇ ಗೀರು. ಗಾಳಿ ತುಂಬುವ ವಾಲ್ವ್ ಹತ್ತಿರವಂತೂ ಮೀಟಲೇಬೇಡಿ. 2008ರ ಮಾಡೆಲ್‌ನಿಂದೀಚೆಗೆ ಅಮೆರಿಕದಲ್ಲಿ ಮಾರುವ ಎಲ್ಲ ಕಾರಿಗೂ ಟೈರಿನ ಗಾಳಿ ಇಳಿದರೆ ಎಚ್ಚರಿಸುವ ವ್ಯವಸ್ಥೆ ಕಡ್ಡಾಯ. ಪ್ರಿಯಸ್‌ನಲ್ಲಿ ಅದರ ಸೆನ್ಸರ್ ವಾಲ್ವಿಗೇ ಜೋಡಿಸಿದೆ. ಮುರಿದರೆ ತಟ್ಟೆಗಿಂತ ದುಬಾರಿ.

ಹಂತ 5: ಸಿಕ್ಕಿದ್ದನ್ನು ತೊಳೆಯುವುದು

ಥಳಥಳ ಹೊಳೆಯುವುದೇನೋ ಸಿಗುತ್ತದೆ ಎಂದುಕೊಂಡಿದ್ದರೆ ನಿರಾಸೆಯಾಗುತ್ತದೆ. ಯಾರೂ ನೋಡುವುದಿಲ್ಲವೆಂದು ಸಾದಾ ಬೆಳ್ಳಿ ಬಣ್ಣ ಬಳಿದು ಬಿಟ್ಟ ಚಕ್ರ, ಮೇಲೆ ಕ್ಲಿಪ್ ಉಜ್ಜಿದ ಕಲೆ, ಮೂಲೆಯಲ್ಲಿ ಕರಿ ಬ್ರೇಕ್ ಪುಡಿ. ಪ್ರಿಯಸ್ ವೇಗ ಇಳಿಸುವಾಗ ಮೋಟಾರಿನಿಂದಲೇ ವಿದ್ಯುತ್ ಹಿಂದಕ್ಕೆ ತೆಗೆದುಕೊಳ್ಳುವುದರಿಂದ ಬ್ರೇಕ್ ಪ್ಯಾಡ್ ಕಡಿಮೆ ಸವೆಯುತ್ತದೆ, ಪುಡಿಯೂ ಕಡಿಮೆ. ಆದರೂ ಒಮ್ಮೆಯೂ ತೊಳೆಯದ್ದು ತೊಳೆಯದ್ದೇ.

ಕಾರ್ ಶಾಂಪೂ, ಮೆತ್ತನೆ ಬ್ರಷ್, ಧಾರಾಳ ನೀರು. ಆ್ಯಸಿಡ್ ಇರುವ ಕ್ಲೀನರ್ ಬಣ್ಣವನ್ನೇ ತಿನ್ನುತ್ತದೆ. ರಿಮ್ಮಿಗೆ ಅಂಟಿಸಿದ ಸಣ್ಣ ಸೀಸದ ಬಣ್ಣದ ತುಂಡುಗಳನ್ನು ಕೊಳೆಯೆಂದು ಕೆರೆದು ತೆಗೆಯಬೇಡಿ, ಅವು ಬ್ಯಾಲೆನ್ಸಿಂಗ್ ತೂಕಗಳು. ತೊಳೆದ ಮೇಲೆ ಬೀದಿಯಲ್ಲೊಂದು ಸುತ್ತು ಹೋಗಿ ಎರಡು ಮೂರು ಸಲ ಬ್ರೇಕ್ ಹಾಕಿದರೆ ಡಿಸ್ಕ್ ಒಣಗುತ್ತದೆ.

ಹಂತ 6: ನಡುವಿನ ತೂತು

ಚಕ್ರದ ನಟ್ಟನಡುವೆ ದುಂಡನೆಯ ತೂತು, ಒಳಗೆ ತುಕ್ಕು ಹಿಡಿದ ಹಬ್. ಟೊಯೋಟಾ ಗುರುತು ಇದ್ದದ್ದು ತಟ್ಟೆಯ ಮೇಲೆ, ಅದು ಈಗ ನಿಮ್ಮ ಕೈಯಲ್ಲಿದೆ. ಈ ತೂತಿಗೆ ಸೆಂಟರ್ ಕ್ಯಾಪ್ ಅಂತ ಬೇರೆ ಕೊಳ್ಳಬೇಕು. ಅಳತೆ ತೆಗೆದುಕೊಂಡೇ ಕೊಳ್ಳಿ, ತೂತಿನ ಒಳ ಅಗಲವನ್ನು ಮಿಲಿಮೀಟರಿನಲ್ಲಿ. ಕ್ಯಾಪಿನ ಮುಖದ ಅಗಲ ಬೇರೆ, ಕ್ಲಿಪ್ಪಿನ ಅಗಲ ಬೇರೆ. ನಾನು ಮುಖದ ಅಗಲ ನೋಡಿ ತರಿಸಿದ ನಾಲ್ಕೂ ಲೊಡಲೊಡ ಅಂದವು, ವಾಪಸ್ ಕಳಿಸಿದೆ.

ನಟ್ಟುಗಳು ಮಂಕಾಗಿವೆ ಅಂತ ಹೊಳೆಯುವವನ್ನು ತಂದು ಹಾಕುವ ಆಸೆ ಬೇಡ. ನಟ್ ಚಕ್ರದಲ್ಲಿ ಕೂರುವ ಜಾಗದ ಆಕಾರ ಒಂದೊಂದು ಚಕ್ರಕ್ಕೆ ಒಂದೊಂದು ಥರ. ಆಕಾರ ತಪ್ಪಿದರೆ ಬಿಗಿಯಾದಂತೆ ತೋರಿ ಸಡಿಲವಾಗುತ್ತದೆ. ಹೇಗೂ ಚಕ್ರ ಬಿಚ್ಚಿದ್ದಾದರೆ, ಟಾರ್ಕ್ ವ್ರೆಂಚಿನಲ್ಲಿ 103 ನ್ಯೂಟನ್ ಮೀಟರ್, ಅಂದರೆ 76 ಅಡಿ ಪೌಂಡಿಗೆ ಬಿಗಿ ಮಾಡಿ.

ಹಂತ 7: ಮತ್ತೆ ಹಾಕಬೇಕೆನಿಸಿದರೆ

ತಟ್ಟೆಯ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ. ಅದನ್ನು ವಾಲ್ವಿಗೆ ಸರಿಯಾಗಿ ಕೂರಿಸಿ, ಅಂಗೈಯಿಂದ ಸುತ್ತಲೂ ಒತ್ತುತ್ತಾ ಬನ್ನಿ. ಸುತ್ತಿಗೆ ಬೇಡ, ಒದೆಯೂ ಬೇಡ. ಕೊನೆಗೆ ಎರಡು ಕಡೆ ಎಳೆದು ನೋಡಿ. ಅಲುಗಾಡಿದರೆ ಮತ್ತೆ ಒತ್ತಿ. ಫ್ರೀವೇಯಲ್ಲಿ ಹಾರಿದ ತಟ್ಟೆ ಹಿಂದಿನವರ ಗಾಜಿಗೆ ಹೋಗುತ್ತದೆ.

ಮತ್ತೆ ಹಾಕದಿದ್ದರೂ ಕಿತ್ತ ತಟ್ಟೆಗಳನ್ನು ಎಸೆಯಬೇಡಿ. ಹಿಂಬದಿಯಲ್ಲಿ ಮಾರ್ಕರಿನಿಂದ ಯಾವ ಚಕ್ರದ್ದೆಂದು ಬರೆದು, ನಡುವೆ ಪೇಪರ್ ಹಾಕಿ, ಒಂದರ ಮೇಲೊಂದು ಜೋಡಿಸಿಡಿ. ಕಾರು ಮಾರುವ ದಿನ ಕೊಳ್ಳುವವರು ಕೇಳಿಯೇ ಕೇಳುತ್ತಾರೆ. ನನ್ನವು ಮಂಚದ ಕೆಳಗಿವೆ, ಮೂರು ಗಟ್ಟಿಯವು, ಒಂದು ಹಲ್ಲುಮುರುಕ. ವಿಡಿಯೋ ಕಾಲ್‌ನಲ್ಲಿ ಚಕ್ರ ತೋರಿಸಿದಾಗ ಮಾವ ಕನ್ನಡಕ ಏರಿಸಿಕೊಂಡು ಎರಡು ನಿಮಿಷ ನೋಡಿದರು. "ಚೆನ್ನಾಗಿದೆ ಬಿಡಿ," ಅಂದರು. "ಪ್ಲಾಸ್ಟಿಕ್ ಇದ್ದಾಗಲೇ ಸ್ವಲ್ಪ ನೀಟಾಗಿ ಕಾಣ್ತಿತ್ತೇನೋ."