ನಾಲ್ಕು ಊರಿನ ಹೆಸರು ಬರೆಸಿ ನೋಡು

ಹೊಳೆನರಸೀಪುರ

ಪ್ರೀತಿಯ ಪುಟ್ಟಿ,

ಹಬ್ಬಕ್ಕೆ ಬಂದಾಗ ನೀನು ತೋರಿಸಿದ ನಿನ್ನದೇ ಪ್ರೋಗ್ರಾಮಿಂಗ್ ಭಾಷೆ ಇನ್ನೂ ಕಣ್ಣಮುಂದಿದೆ. ಹಾಸನದ ಹಾಸ್ಟೆಲಿನಲ್ಲಿ ಕೂತು ಒಂದು ಭಾಷೆಗೆ ವ್ಯಾಕರಣ ಕಟ್ಟುತ್ತಿದ್ದೀಯಲ್ಲ, ನನಗೆ ಎಷ್ಟು ಹೆಮ್ಮೆಯೆಂದು ಅಂದು ಎಲ್ಲರೆದುರು ಹೇಳಲಾಗಲಿಲ್ಲ. ಈಗ ಹೇಳುತ್ತಿದ್ದೇನೆ.

ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಗುಂಡಿ, ಮೆನು ಒಂದೇ ಥರ ಕಾಣಬೇಕೋ, ಆಯಾ ವ್ಯವಸ್ಥೆಯವೇ ಇರಬೇಕೋ ಎಂದು ನೀನು ಕೇಳಿದ್ದೆ. ಮೂವತ್ತು ವರ್ಷ ಇದೇ ಕೆಲಸ ಮಾಡಿದವನು ನಾನು. ಆಯಾ ವ್ಯವಸ್ಥೆಯವೇ ಇರಲಿ. ಜಾವಾ ಎರಡೂ ದಾರಿ ನಡೆದು ನೋಡಿದೆ. ಮೊದಲು ಎಡಬ್ಲ್ಯುಟಿ ಎಂಬ ತನ್ನ ಗುಂಡಿ-ಮೆನು ಸಲಕರಣೆಯಲ್ಲಿ ಆಯಾ ವ್ಯವಸ್ಥೆಯ ಗುಂಡಿಗಳನ್ನೇ ಎರವಲು ಪಡೆಯಿತು; ಎಲ್ಲ ಕಡೆ ಸಿಗುವ ಕೆಲವೇ ಕೆಲವಕ್ಕೆ ತೃಪ್ತಿಪಡಬೇಕಾಯಿತು. 1998ರಲ್ಲಿ ಸ್ವಿಂಗ್ ಎಂಬ ಇನ್ನೊಂದು ಸಲಕರಣೆ ಜಾವಾದೊಳಗೇ ಸೇರಿ ಎಲ್ಲವನ್ನೂ ತಾನೇ ಚಿತ್ರಿಸತೊಡಗಿತು, ಆದರೆ ಯಾವ ಮನೆಯಲ್ಲೂ ಮನೆಯವನಾಗಲಿಲ್ಲ. ಗುಂಡಿಗಳು ಕಡಿಮೆಯಾದರೂ ಚಿಂತೆಯಿಲ್ಲ, ಮೊದಲ ದಾರಿಯೇ ಹಿಡಿ. ವಿಂಡೋಸಿನಲ್ಲಿ ‘ಸರಿ’ ಎಂಬ ಗುಂಡಿ ‘ರದ್ದು’ವಿನ ಎಡಕ್ಕೆ, ಮ್ಯಾಕಿನಲ್ಲಿ ಬಲಕ್ಕೆ. ನಿನ್ನ ಭಾಷೆ ಬಳಸುವವರು ‘ಈ ಪ್ರಶ್ನೆ ಕೇಳಿ ಉತ್ತರ ತಾ’ ಎಂದಷ್ಟೇ ಬರೆಯಲಿ. ಗುಂಡಿ ಎಲ್ಲಿ ಕೂರಬೇಕೆಂದು ಕೆಳಗಿನ ಪದರ ನೋಡಿಕೊಳ್ಳಲಿ.

ಇದಕ್ಕಿಂತ ಕಠಿಣವಾದ ಪರೀಕ್ಷೆ ಕನ್ನಡದ್ದು. ಅದಕ್ಕೆ ನಮ್ಮ ನಾಲ್ಕು ಊರಿನ ಹೆಸರೇ ಸಾಕು. ‘ಹಾಸನ’ ಸಲೀಸು. ‘ಅರ್ಕಲಗೂಡು’ ಹಾಗಲ್ಲ. (ಅರಕಲಗೂಡು ಎಂದೂ ಬರೆಯುತ್ತಾರೆ, ನೀನು ಅರ್ಕಾವತ್ತಿನದನ್ನೇ ತಗೋ.) ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಆರ್, ಎಫ್, ಕೆ ಒತ್ತುತ್ತೀಯ. ಒಳಗೆ ಮೂರು ಯೂನಿಕೋಡ್ ಸಂಕೇತ, ಪರದೆಯಲ್ಲಿ ಒಂದೇ ಅಕ್ಷರ; ಮೊದಲು ಒತ್ತಿದ ರಕಾರ ಅರ್ಕಾವತ್ತಾಗಿ ಕಕಾರದ ಬಲಕ್ಕೆ ಹೋಗಿ ನಿಲ್ಲುತ್ತದೆ. ವಿಂಡೋಸಿನ ಡೈರೆಕ್ಟ್‌ರೈಟ್, ಮ್ಯಾಕಿನ ಕೋರ್ ಟೆಕ್ಸ್ಟ್, ಲಿನಕ್ಸಿನ ಹಾರ್ಫ್‌ಬಝ್ ಈ ಜೋಡಣೆ ಬಲ್ಲವು. ಎಲ್ಲವನ್ನೂ ನೀನೇ ಚಿತ್ರಿಸಹೊರಟರೆ ಈ ಭಾರವೂ ನಿನ್ನ ಹೆಗಲಿಗೇ ಬರುತ್ತದೆ. ‘ಚನ್ನರಾಯಪಟ್ಟಣ’ದಲ್ಲಿ 12 ಸಂಕೇತ, ಕಣ್ಣಿಗೆ 7 ಅಕ್ಷರ. ಬಾಣದ ಕೀಲಿ ಒತ್ತಿದಾಗ ಕರ್ಸರ್ ‘ಟ್ಟ’ದ ಹೊಟ್ಟೆಯೊಳಗೆ ಸಿಕ್ಕಿಕೊಳ್ಳಬಾರದು.

ನಮ್ಮೂರ ಹೆಸರಂತೂ ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತ್ತು. ಮ್ಯಾಕಿನ ಹಳೆಯ ಕಡತ ವ್ಯವಸ್ಥೆ ಎಚ್‌ಎಫ್‌ಎಸ್ ಪ್ಲಸ್‌ನಲ್ಲಿ ‘ಹೊಳೆನರಸೀಪುರ’ ಎಂಬ ಕಡತ ಉಳಿಸಿದ್ದೆ. ಪಟ್ಟಿಯಲ್ಲಿ ಅದು ಕಣ್ಣೆದುರೇ ಇದೆ, ನನ್ನ ಪ್ರೋಗ್ರಾಂ ಮಾತ್ರ ಇಲ್ಲವೆನ್ನುತ್ತದೆ. ಕೊನೆಗೆ ಸಂಕೇತಗಳನ್ನು ಒಂದೊಂದಾಗಿ ಎಣಿಸಿದೆ. ನಾನು ಬರೆದದ್ದು 11, ಅಲ್ಲಿದ್ದದ್ದು 13. ‘ಹೊ’ದ ಒಕಾರವನ್ನೂ ‘ಸೀ’ಯ ಈಕಾರವನ್ನೂ ಆ ವ್ಯವಸ್ಥೆ ತಲಾ ಎರಡಾಗಿ ಬಿಡಿಸಿಟ್ಟಿತ್ತು. ಹೋಲಿಸುವ ಮುಂಚೆ ಎರಡನ್ನೂ ಯೂನಿಕೋಡಿನ ಒಂದೇ ರೂಪಕ್ಕೆ ತರಬೇಕು. ಆ ಕೆಲಸವನ್ನು ಬಳಸುವವರ ಮೇಲೆ ಹೊರಿಸಬೇಡ ಮಗು, ನಿನ್ನ ಭಾಷೆಯೇ ಮಾಡಲಿ. ಅಪ್ಪನ ಜಮೀನಿನ ಲೆಕ್ಕ ಬರೆದಿಡಲು ಕೂರುವ ಹಳ್ಳಿಯ ಹುಡುಗನಿಗೆ ಒಕಾರ ಒಳಗೆ ಹೇಗಿದೆ ಎಂಬ ಗೋಜು ಯಾಕೆ ಬೇಕು?

ಮುಂದಿನ ಭಾನುವಾರ ಬೆಳಗಿನ ಬಸ್ಸಿಗೇ ಬಾ. ಬರುವ ಮುಂಚೆ ನಾಲ್ಕು ಹೆಸರನ್ನೂ ಮೂರೂ ವ್ಯವಸ್ಥೆಯಲ್ಲಿ ಬರೆಸಿ, ಅಳಿಸಿ, ಹುಡುಕಿಸಿ ನೋಡು. ಎಲ್ಲಿ ಕೆಟ್ಟಿತೋ ಗುರುತು ಹಾಕಿಕೊಂಡು ಬಾ, ಇಬ್ಬರೂ ಕೂತು ಸರಿಮಾಡೋಣ.

ನಿನ್ನ
ದೊಡ್ಡಪ್ಪ