ಹೋಟೆಲಿನ ತಿಂಡಿಯೂ ದೇಹದ ತೂಕವೂ

ಓದಿಗಾಗಿ ಊರು ಬಿಟ್ಟು ಪಟ್ಟಣ ಸೇರಿದ ವಿದ್ಯಾರ್ಥಿಗೆ ಹೋಟೆಲು ಎರಡನೆಯ ಮನೆ. ಬೆಂಗಳೂರಿನ ಗಾಂಧಿಬಜಾರಿನಲ್ಲಿ 1943ರಲ್ಲಿ ಪ್ರಾರಂಭವಾದ ಪ್ರಸಿದ್ಧ ಉಪಾಹಾರ ಮಂದಿರವೊಂದರ ಹೆಸರೇ ‘ವಿದ್ಯಾರ್ಥಿ ಭವನ’. ಹೀಗೆ ದಿನವೂ ಹೋಟೆಲನ್ನು ನಂಬಿ ಬಾಳುವವರಲ್ಲಿ ಅನೇಕರಿಗೆ, ಮೊದಲನೆಯ ವರ್ಷ ಹೊಲಿಸಿದ ಷರಾಯಿ ಎರಡನೆಯ ವರ್ಷ ಸೊಂಟಕ್ಕೆ ಬಿಗಿಯಾಗುತ್ತದೆ. ಆಗ ಕೆಲವರು ಗಾಬರಿಗೊಂಡು ಬೆಳಗಿನ ತಿಂಡಿಯನ್ನೇ ಬಿಟ್ಟು, ತರಗತಿಯಲ್ಲಿ ತೂಕಡಿಸುತ್ತಾರೆ. ಮತ್ತೆ ಕೆಲವರು ಎಲ್ಲವನ್ನೂ ಮೈಕಟ್ಟಿನ ಮೇಲೆ ಹಾಕಿ ಸುಮ್ಮನಾಗುತ್ತಾರೆ. ಈ ಎರಡು ದಾರಿಗಳನ್ನೂ ಬಿಟ್ಟು, ನಾವು ತರಗತಿಯಲ್ಲಿ ಕಲಿತ ಶಕ್ತಿಸಂರಕ್ಷಣ ನಿಯಮವನ್ನು ತಟ್ಟೆಯ ಮುಂದೆ ಕುಳಿತು ಅನ್ವಯಿಸಿದರೆ ಏನು ತಿಳಿಯುತ್ತದೆಂಬುದನ್ನು ವಿಚಾರಿಸೋಣ.

ಈ ನಿಯಮವು ಉಗಿಯಂತ್ರಕ್ಕೆ ಸಲ್ಲುವಂತೆ ಮನುಷ್ಯದೇಹಕ್ಕೂ ಸಲ್ಲುತ್ತದೆಯೇ? 1890ರ ದಶಕದಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ ರಸಾಯನವಿಜ್ಞಾನಿ ಆಟ್‌ವಾಟರ್ ಮತ್ತು ಭೌತವಿಜ್ಞಾನಿ ರೋಸಾ ಇದನ್ನು ಪರೀಕ್ಷಿಸಿದರು. ಶಾಖ ಹೊರಗೆ ಸೋರದಂತೆ ಕಟ್ಟಿದ ಒಂದು ಚಿಕ್ಕ ಕೋಣೆಯಲ್ಲಿ ಮನುಷ್ಯನೊಬ್ಬನನ್ನು ದಿನಗಟ್ಟಲೆ ಇರಿಸಿ, ಅವನ ಆಹಾರವನ್ನೂ ವಿಸರ್ಜನೆಯನ್ನೂ ಉಸಿರನ್ನೂ ಅಳೆದರು. ಅವನ ಮೈಯಿಂದ ಹೊರಟ ಶಾಖವನ್ನು ಕೊಳವೆಗಳಲ್ಲಿ ಹರಿಯುವ ನೀರಿನ ನೆರವಿನಿಂದ ಅಳೆದರು. ಜಮಾ ಖರ್ಚುಗಳು ಬಹಳ ನಿಕಟವಾಗಿ ತಾಳೆಬಿದ್ದವು. ಶರ್ಕರಪಿಷ್ಟ ಮತ್ತು ಪ್ರೋಟೀನುಗಳ ಒಂದು ಗ್ರಾಮಿನಿಂದ ದೇಹಕ್ಕೆ ಸುಮಾರು 4, ಕೊಬ್ಬಿನ ಒಂದು ಗ್ರಾಮಿನಿಂದ ಸುಮಾರು 9 ಕಿಲೊಕ್ಯಾಲೊರಿ ದೊರೆಯುತ್ತದೆಂಬ ಲೆಕ್ಕವು ಆಟ್‌ವಾಟರನ ಪರಿಶ್ರಮದ ಫಲವೇ.

ಇಲ್ಲಿ ವಿದ್ಯಾರ್ಥಿಗಳು ಒಂದು ಮಾತನ್ನು ಗಮನಿಸಬೇಕು. ಒಂದು ಗ್ರಾಂ ನೀರಿನ ಉಷ್ಣತೆಯನ್ನು ಒಂದು ಸೆಲ್ಸಿಯಸ್ ಡಿಗ್ರಿಯಷ್ಟು ಏರಿಸುವ ಶಾಖ ಭೌತವಿಜ್ಞಾನದ ಕ್ಯಾಲೊರಿ. ಆಹಾರದ ಮಾತಿನಲ್ಲಿ ಜನ ಬರಿದೆ ‘ಕ್ಯಾಲೊರಿ’ ಎನ್ನುವುದು ಅದರ ಸಾವಿರದಷ್ಟು, ಎಂದರೆ ಕಿಲೊಕ್ಯಾಲೊರಿ. ಸುಮಾರು 4,200 ಜೂಲ್. ಇವೆರಡನ್ನು ಬೆರೆಸಿದ ಒಬ್ಬ ವಿದ್ಯಾರ್ಥಿ ನಮ್ಮ ತರಗತಿಯಲ್ಲಿ, ತಣ್ಣೀರು ಕುಡಿದೇ ಮೈ ಇಳಿಸಬಹುದೆಂದು ವಾದಿಸಿದ್ದುಂಟು. 5 ಡಿಗ್ರಿಯ 250 ಗ್ರಾಂ ನೀರು ದೇಹದ 37 ಡಿಗ್ರಿಗೆ ಏರಲು 8,000 ಕ್ಯಾಲೊರಿ ಬೇಕೆಂಬ ಅವನ ಗುಣಾಕಾರ ಸರಿಯಾಗಿಯೇ ಇತ್ತು. ಆದರೆ ಅದು ಕೇವಲ 8 ಕಿಲೊಕ್ಯಾಲೊರಿ. ಎರಡು ಗ್ರಾಂ ಸಕ್ಕರೆ ಅದನ್ನು ಸರಿದೂಗಿಸಿಬಿಡುತ್ತದೆ!

ಹಾಗಾದರೆ ಖರ್ಚೆಷ್ಟು? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ನೀಡಿದ ಅಂದಾಜಿನಂತೆ, ಹೆಚ್ಚು ಮೈಶ್ರಮವಿಲ್ಲದ 65 ಕಿಲೊಗ್ರಾಂ ತೂಕದ ವಯಸ್ಕ ಪುರುಷನಿಗೆ ದಿನಕ್ಕೆ 2,110, 55 ಕಿಲೊಗ್ರಾಂ ತೂಕದ ಸ್ತ್ರೀಗೆ 1,660 ಕಿಲೊಕ್ಯಾಲೊರಿ ಸಾಕು. ಮೊದಲನೆಯದನ್ನು ಜೂಲಿಗೆ ಪರಿವರ್ತಿಸಿ ದಿನದ 86,400 ಸೆಕೆಂಡುಗಳಿಂದ ಭಾಗಿಸಿದರೆ ಸುಮಾರು 100 ವಾಟ್ ಬರುತ್ತದೆ. ಹಿಂದೆ ಮನೆಗಳಲ್ಲಿ ಉರಿಯುತ್ತಿದ್ದ ಒಂದು ತಂತಿದೀಪದ ಖರ್ಚು ಎಷ್ಟೋ, ಹಗಲಿರುಳು ಸೇರಿ ನಮ್ಮ ಖರ್ಚೂ ಅಷ್ಟೇ. ಅದರಲ್ಲೂ ಹೆಚ್ಚಿನ ಪಾಲು ಉಸಿರಾಟ, ರಕ್ತಚಲನೆ, ಮೈಶಾಖಗಳಿಗೇ ಹೋಗುತ್ತದೆ.

“ತಿಂದದ್ದನ್ನು ನಡೆದು ಕರಗಿಸಿದರಾಯಿತು” ಎಂಬ ಮಾತನ್ನು ಈಗ ತೂಗಿ ನೋಡಬಹುದು. ಮೈಸೂರಿನ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಹತ್ತಿದವರಿಗೆ ಅದರ ಆಯಾಸ ಗೊತ್ತು. ಏರುವ ಎತ್ತರವನ್ನು ಧಾರಾಳವಾಗಿಯೇ 300 ಮೀಟರು ಎಂದು ಹಿಡಿಯೋಣ. 60 ಕಿಲೊಗ್ರಾಂ ತೂಕದವನು ಅಷ್ಟು ಎತ್ತರಕ್ಕೆ ಏರಿದಾಗ ಗುರುತ್ವದ ವಿರುದ್ಧ ನಡೆದ ಕೆಲಸ 60 × 9.8 × 300, ಎಂದರೆ 1,76,400 ಜೂಲ್. 42 ಕಿಲೊಕ್ಯಾಲೊರಿ ಮಾತ್ರ. ಸ್ನಾಯುಗಳ ದಕ್ಷತೆ ಸುಮಾರು ಐದರಲ್ಲೊಂದು ಪಾಲಾದುದರಿಂದ ದೇಹ ವ್ಯಯಿಸಿದ ಶಕ್ತಿ ಸುಮಾರು 210 ಕಿಲೊಕ್ಯಾಲೊರಿ. ತುಪ್ಪವೆಂದರೆ ಬಹುತೇಕ ಶುದ್ಧ ಕೊಬ್ಬು. 210ನ್ನು 9ರಿಂದ ಭಾಗಿಸಿದರೆ 23 ಗ್ರಾಂ. ಒಂದು ಬೆಟ್ಟಕ್ಕೆ ಎರಡು ದೊಡ್ಡ ಚಮಚ ತುಪ್ಪವೂ ಸಮವಾಗಲಿಲ್ಲ! ವ್ಯಾಯಾಮದಿಂದ ಹೃದಯಕ್ಕೂ ಸ್ನಾಯುಗಳಿಗೂ ಆಗುವ ಉಪಕಾರ ಬೇರೆ. ಅದನ್ನು ಯಾರೂ ಬಿಡಬಾರದು. ಆದರೆ ತಟ್ಟೆಯ ಸಾಲವನ್ನು ಕಾಲಿನಿಂದ ತೀರಿಸುವುದು ಕಷ್ಟ.

ಆದುದರಿಂದ ಹೋಟೆಲಿನಲ್ಲಿ ಮುಖ್ಯವಾಗಿ ಕೇಳಬೇಕಾದ ಪ್ರಶ್ನೆ, ಎಣ್ಣೆ ಎಲ್ಲಿ ಅಡಗಿದೆ ಎಂಬುದು. ಕರಿದ ತಿಂಡಿಯೊಳಗೆ ಅದು ಹೊಕ್ಕುವ ಬಗೆ ಭೌತವಿಜ್ಞಾನದ ಒಂದು ಸೊಗಸಾದ ಪಾಠ. ಉದ್ದಿನ ವಡೆಯನ್ನು ಸುಮಾರು 180 ಡಿಗ್ರಿಗೆ ಕಾದ ಎಣ್ಣೆಯಲ್ಲಿ ಬಿಟ್ಟೊಡನೆ ಹಿಟ್ಟಿನಲ್ಲಿರುವ ನೀರು ಆವಿಯಾಗಿ ಗುಳ್ಳೆಗುಳ್ಳೆಯಾಗಿ ಹೊರಬರುತ್ತದೆ. ಆವಿ ಹೀಗೆ ರಭಸದಿಂದ ಹೊರಡುತ್ತಿರುವವರೆಗೂ ಎಣ್ಣೆಗೆ ಒಳಗೆ ನುಗ್ಗಲು ಎಡೆ ಬಹಳ ಕಡಿಮೆ. ವಡೆಯನ್ನು ಬಾಣಲೆಯಿಂದ ಎತ್ತಿದ ಮೇಲೆ ಚಿತ್ರ ಬದಲಾಗುತ್ತದೆ. ಮೇಲ್ಮೈ ತಣಿಯತೊಡಗಿದಂತೆ ಸಣ್ಣ ರಂಧ್ರಗಳಲ್ಲಿ ಉಳಿದ ಆವಿ ನೀರಾಗುತ್ತದೆ. ಒಳಗಿನ ಒತ್ತಡ ಇಳಿಯುತ್ತದೆ. ಹೊರಗಿನ ವಾಯುಮಂಡಲದ ಒತ್ತಡವು ಮೈಗೆ ಅಂಟಿದ ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ. ಎಣ್ಣೆಯ ಬಹುಪಾಲು ಒಳಸೇರುವುದು ಹೀಗೆ ಒಲೆಯಿಂದ ಇಳಿದ ಮೇಲೆಯೇ. ಜಾಲರಿಯಲ್ಲಿ ಕುಲುಕಿ ಬಿಸಿಯಲ್ಲೇ ಎಣ್ಣೆ ಬಸಿಯುವ ಅಡಿಗೆಯವನು ತಿಳಿದೋ ತಿಳಿಯದೆಯೋ ಗಿರಾಕಿಗೆ ಉಪಕಾರ ಮಾಡುತ್ತಾನೆ.

ಎಣ್ಣೆ ಅಂಟುವುದು ಮೇಲ್ಮೈಗೆ. ತಿಂಡಿ ತೆಳ್ಳಗಾದಷ್ಟೂ ತೂಕಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು. ಆದುದರಿಂದಲೇ ಹಗುರವೆಂದು ತೋರುವ ಆಲೂಗಡ್ಡೆಯ ಚಿಪ್ಸಿನ ತೂಕದಲ್ಲಿ ಸುಮಾರು ಮೂರನೆಯ ಒಂದು ಭಾಗ ಎಣ್ಣೆಯೇ ಇರುತ್ತದೆ. ಪೂರಿ, ಹಪ್ಪಳಗಳ ಲೆಕ್ಕವೂ ಇದೇ ಜಾತಿಯದು. ವಡೆಯ ನಡುವಿನ ತೂತಿನಿಂದ ಒಳಭಾಗ ಬೇಗ ಬೇಯುತ್ತದೆಂಬುದು ನಿಜ. ಆದರೆ ಎಣ್ಣೆಗೆ ಅದು ಇನ್ನಷ್ಟು ಮೇಲ್ಮೈಯನ್ನು ಒದಗಿಸುತ್ತದೆ. ಹಬೆಯಲ್ಲಿ ಬೆಂದ ಇಡ್ಲಿಗೆ ಈ ಅಪಾಯವೊಂದೂ ಇಲ್ಲ. ದೋಸೆಯಾದರೋ ಹಾಕುವವನ ಕೈಯಲ್ಲಿದೆ. ಕಾವಲಿಯ ಮೇಲೆ 20 ಗ್ರಾಂ ಬೆಣ್ಣೆ ಹೆಚ್ಚಾಗಿ ಬಿದ್ದರೆ, ಬೆಣ್ಣೆಯಲ್ಲಿ ನೂರಕ್ಕೆ 80ರಷ್ಟು ಕೊಬ್ಬಿರುವುದರಿಂದ, 144 ಕಿಲೊಕ್ಯಾಲೊರಿ ಏರಿತು. “ಎಣ್ಣೆ ಕಡಮೆ ಹಾಕಿಸಿ” ಎಂದು ಹೇಳಲು ಸಂಕೋಚವೇಕೆ?

ಇನ್ನು ಹೊಟ್ಟೆ ತುಂಬುವ ವಿಚಾರ. ಸಾಕೆಂಬ ಭಾವನೆ ಹುಟ್ಟುವುದರಲ್ಲಿ ಆಹಾರದ ಗಾತ್ರಕ್ಕೂ ದೊಡ್ಡ ಪಾತ್ರವಿದೆ. ಆ ಸೂಚನೆ ಮಿದುಳನ್ನು ಮುಟ್ಟಲು ಸ್ವಲ್ಪ ಹೊತ್ತೂ ಬೇಕು. ನೀರಿನಂಶ ಹೆಚ್ಚಿರುವ ಸಾರು, ಸಾಂಬಾರು, ಕೋಸಂಬರಿ, ಪಲ್ಯ, ಮಜ್ಜಿಗೆಗಳು ಕಡಮೆ ಶಕ್ತಿಯಲ್ಲಿ ಹೆಚ್ಚು ಜಾಗ ತುಂಬುತ್ತವೆ. ಊಟವನ್ನು ಅವುಗಳಿಂದ ಆರಂಭಿಸಿ ನಿಧಾನವಾಗಿ ಉಂಡರೆ, ಎರಡನೆಯ ಸಲ ಅನ್ನ ಬಡಿಸಲು ಬರುವ ಹೊತ್ತಿಗೆ ಕೈ ತಾನಾಗಿಯೇ ಅಡ್ಡ ಹೋಗುತ್ತದೆ. ಕಾಯಿಚಟ್ನಿಯನ್ನು ಮಾತ್ರ ಈ ಗುಂಪಿಗೆ ಸೇರಿಸುವಂತಿಲ್ಲ. ಹಸಿ ತೆಂಗಿನಕಾಯಿಯ ತಿರುಳಿನಲ್ಲಿ ಮೂರನೆಯ ಒಂದು ಭಾಗ ಕೊಬ್ಬು. ಕಾಫಿಯ ಸಕ್ಕರೆ ಒಂದು ಲೋಟಕ್ಕೆ ಅಲ್ಪವಾದರೂ ದಿನಕ್ಕೆ ನಾಲ್ಕು ಲೋಟವಾದಾಗ ಅಲ್ಪವಲ್ಲ. ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ ಬೆಂಗಳೂರಿನ ‘ಬೈ ಟೂ’ ಪದ್ಧತಿ ಜೇಬಿಗಾಗಿ ಹುಟ್ಟಿದ್ದಿರಬಹುದು, ಸೊಂಟಕ್ಕೂ ಹಿತವೇ.

ದಿನಕ್ಕೆ 100 ಕಿಲೊಕ್ಯಾಲೊರಿ ಮಿಕ್ಕರೆ ವರ್ಷಕ್ಕೆ 36,500 ಆಯಿತು. ಒಂದು ಕಿಲೊಗ್ರಾಂ ಬೊಜ್ಜಿನಲ್ಲಿ ಸುಮಾರು 7,700 ಅಡಗಿರುವುದರಿಂದ ವರ್ಷವರ್ಷವೂ ಐದು ಕಿಲೊಗ್ರಾಂ ಬೆಳೆಯುತ್ತಲೇ ಹೋಗಬೇಕಲ್ಲವೇ ಎಂದು ಕೇಳಬಹುದು. ಹಾಗಾಗುವುದಿಲ್ಲ. ತಳದಲ್ಲಿ ಸಣ್ಣ ರಂಧ್ರವಿರುವ ತೊಟ್ಟಿಯನ್ನು ನೆನೆಯಿರಿ. ನಲ್ಲಿಯನ್ನು ತುಸು ಹೆಚ್ಚು ತಿರುಗಿಸಿದರೆ ನೀರಿನ ಮಟ್ಟ ಏರುತ್ತದೆ. ಏರಿದ ಮಟ್ಟದ ಒತ್ತಡದಿಂದ ಹೊರಹರಿವೂ ಹೆಚ್ಚಿ, ಕೊನೆಗೆ ಹೊಸ ಮಟ್ಟದಲ್ಲಿ ನಿಲ್ಲುತ್ತದೆ. ಭಾರವಾದ ದೇಹವನ್ನು ಹೊತ್ತು ನಡೆಯಲು, ಪೋಷಿಸಲು ಹೆಚ್ಚು ಶಕ್ತಿ ಬೇಕಾದುದರಿಂದ ನಮ್ಮ ತೂಕವೂ ಹೀಗೆಯೇ ವರ್ತಿಸುತ್ತದೆ. ಮದುವೆಮನೆಯ ಒಂದು ಊಟ ತೊಟ್ಟಿಗೆ ಸುರಿದ ಒಂದು ಚೊಂಬು ನೀರಿನಂತೆ. ಅದರ ಪರಿಣಾಮ ಉಳಿಯದು. ಮೂರು ದಿನದ ಕಟ್ಟುಪವಾಸವೂ ಅಷ್ಟೇ ವ್ಯರ್ಥ. ಮಟ್ಟವನ್ನು ನಿರ್ಧರಿಸುವುದು ದಿನನಿತ್ಯದ ನಲ್ಲಿ, ಎಂದರೆ ದಿನವೂ ಇಡ್ಲಿಯ ಜೊತೆಗೆ ಬರುವ ಆ ವಡೆ. ಇನ್ನೂ ಬೆಳೆಯುತ್ತಿರುವ ಹುಡುಗ ಹುಡುಗಿಯರೂ ಕೃಶವಾಗಿರುವವರೂ ಈ ಲೇಖನವನ್ನು ಓದಿ ಊಟ ಕಡಮೆ ಮಾಡತಕ್ಕದ್ದಲ್ಲ; ಅವರ ತೊಟ್ಟಿಗೆ ಇನ್ನೂ ನೀರು ಬೇಕು.

ವಾಚಕರಿಗೆ ಒಂದು ಲೆಕ್ಕ: 100 ಮಿಲಿಲೀಟರಿನಲ್ಲಿ 10 ಗ್ರಾಂ ಸಕ್ಕರೆಯಿರುವ ತಂಪು ಪಾನೀಯವನ್ನು 50 ಕಿಲೊಗ್ರಾಂ ತೂಕದ ವಿದ್ಯಾರ್ಥಿನಿಯೊಬ್ಬಳು 300 ಮಿಲಿಲೀಟರು ಕುಡಿದರೆ, ಅದರ ಶಕ್ತಿ ವ್ಯಯವಾಗಲು ಎಷ್ಟು ಎತ್ತರ ಏರಬೇಕು? ದಕ್ಷತೆ ಐದರಲ್ಲೊಂದು ಪಾಲು. (ಉತ್ತರ: ಸುಮಾರು 205 ಮೀಟರು.)